ಹೆಗಲಿನ ಬಾವಿ

ಅರಿಸಿನದ ಹೊಲದಲ್ಲಿ ದಿನವೆಲ್ಲಾ ಬಗ್ಗಿ ಕಳೆ ಕೀಳುತ್ತೇವೆ. ಮನೆಗೆ ಬಂದರೆ ನೀರಿನ ಬಿಂದಿಗೆ, ಸೌದೆ ಹೊರೆ. ರಾತ್ರಿ ಕತ್ತು ತಿರುಗಿಸೋಕೆ ಆಗಲ್ಲ. "ಹೆಗಲು ಹಿಡ್ಕೊಂಡಿದೆ ಕಣಕ್ಕ" ಅಂತೀವಿ. ಹಾಗೆ ಅನ್ನುವಾಗ ನಮ್ಮ ಕೈ ತಾನಾಗಿಯೇ ಒಂದು ಜಾಗಕ್ಕೆ ಹೋಗುತ್ತದೆ. ಕತ್ತಿಗೂ ಭುಜಕ್ಕೂ ನಡುವೆ. ಅಲ್ಲಿ ಒತ್ತಿದರೆ ನೋವು. ಒತ್ತಿದರೇ ಹಿತ.

ಚೀನಾ ದೇಶದ ಹಳೆಯ ವೈದ್ಯದಲ್ಲಿ ಈ ಜಾಗಕ್ಕೆ ಹೆಸರಿದೆ. 'ಜಿಯೆನ್ ಜಿಂಗ್'. ಹಾಗೆಂದರೆ ಹೆಗಲಿನ ಬಾವಿ. ಬಾವಿ ನೀರು ಸೇದಿಯೇ ಹೆಗಲು ಸವೆಸಿದವರು ನಮ್ಮ ಅವ್ವಂದಿರು. ಅವರಿಗೆ ಹೇಳಿದರೆ ನಕ್ಕಾರು.

ಅಲ್ಲಿನ ವೈದ್ಯರು ಇಲ್ಲಿ ಕೂದಲಿನಂಥ ಸಣ್ಣ ಸೂಜಿ ಚುಚ್ಚುತ್ತಾರೆ. ಅದಕ್ಕೆ ಅಕ್ಯುಪಂಕ್ಚರ್ ಅಂತಾರೆ. ಮೈಯಲ್ಲಿ ಶಕ್ತಿ ಹರಿಯುವ ದಾರಿಗಳಿವೆ, ದಾರಿ ಕಟ್ಟಿಕೊಂಡರೆ ನೋವು ಬರುತ್ತದೆ ಎಂದು ಅವರು ನಂಬುತ್ತಾರೆ. ನಮ್ಮ ಆಸ್ಪತ್ರೆಯ ಡಾಕ್ಟರು ಬೇರೆ ರೀತಿ ಹೇಳುತ್ತಾರೆ. ತಲೆಯ ಹಿಂದಿನಿಂದ ಹೆಗಲಿನವರೆಗೆ ಅಗಲವಾದ ಮಾಂಸಖಂಡ ಇದೆ. ಹೊರೆ ಹೊತ್ತು, ಬಗ್ಗಿ ದುಡಿದು ಅದು ಬಿಗಿಯುತ್ತದೆ.

ನಮಗೆ ಸೂಜಿ ಬೇಡ, ಬೆರಳು ಸಾಕು. ಕತ್ತು ಬಗ್ಗಿಸಿ ಹಿಂದೆ ಕೈಯಾಡಿಸಿದರೆ ಉಬ್ಬಿದ ಮೂಳೆ ಸಿಗುತ್ತದೆ. ಆ ಮೂಳೆಗೂ ಭುಜದ ತುದಿಗೂ ಸರಿಯಾಗಿ ಮಧ್ಯ, ಹೆಗಲ ಮೇಲೆ ಈ ಜಾಗ. ಬಲ ಹೆಗಲಿಗೆ ಎಡಗೈ ಬೆರಳು ಇಡೋಣ. ಮೆಲ್ಲಗೆ ಒತ್ತಿ, ಹತ್ತು ಎಣಿಸಿ ಬಿಡೋಣ. ನಾಲ್ಕೈದು ಸಲ ಸಾಕು. ಗುದ್ದಬಾರದು. ಸ್ವಲ್ಪ ಹೊತ್ತು ಹಗುರ ಅನ್ನಿಸಬಹುದು. ನಾಳೆ ಅದೇ ಹೊರೆ ಹೊತ್ತರೆ ನೋವು ಮತ್ತೆ ಬರಬಹುದು, ಸುಳ್ಳು ಹೇಳಲ್ಲ.

ಬಸುರಿಯರು ಮಾತ್ರ ಇಲ್ಲಿ ಒತ್ತಬಾರದು. ಗರ್ಭಕ್ಕೆ ತೊಂದರೆ ಆದೀತು ಅಂತ ಚೀನಾದ ವೈದ್ಯರೇ ಹಿಂದಿನಿಂದಲೂ ಬೇಡ ಅಂದಿದ್ದಾರೆ.

ಸಂತೆಯಲ್ಲೋ ಜಗಲಿಯಲ್ಲೋ ಯಾರಾದರೂ "ಸೂಜಿ ಹಾಕ್ತೀನಿ, ಬಾರಮ್ಮ" ಅಂದರೆ ಹೆಗಲು ಕೊಡಬೇಡಿ. ಈ ಜಾಗದ ಕೆಳಗೆ, ಹತ್ತಿರದಲ್ಲೇ ಶ್ವಾಸಕೋಶದ ತುದಿ ಇದೆ. ನಾವು ಉಸಿರಾಡುವುದು ಅದರಿಂದಲೇ. ಸೂಜಿ ಆಳಕ್ಕೆ ಹೋದರೆ ಅದು ತೂತಾಗಬಹುದು. ಕಲಿತ ವೈದ್ಯರೂ ಇಲ್ಲಿ ಹೆದರಿಕೊಂಡೇ ಚುಚ್ಚುತ್ತಾರೆ.

ಎಲ್ಲ ಹೆಗಲು ನೋವೂ ಹೊರೆಯಿಂದ ಬಂದದ್ದಲ್ಲ. ಹೆಗಲ ಜೊತೆ ಎದೆ ಹಿಂಡಿದಂತಾಗಿ, ಬೆವರಿ, ಉಸಿರು ಕಟ್ಟಿದರೆ ಅದು ಹೃದಯದ ಕಾಯಿಲೆ ಇರಬಹುದು. ಆಗ ಒತ್ತುತ್ತಾ ಕೂರಬಾರದು. ಕೂಡಲೇ 108ಕ್ಕೆ ಫೋನ್ ಮಾಡಿಸಬೇಕು. ಕೈ ಜೋಮು ಹಿಡಿದು ಬಲ ಕುಂದಿದರೆ, ಜ್ವರ ಬಂದು ಕತ್ತು ಸೆಟೆದುಕೊಂಡರೆ, ಗುಂಡ್ಲುಪೇಟೆಯ ತಾಲ್ಲೂಕು ಆಸ್ಪತ್ರೆಗೋ ಚಾಮರಾಜನಗರದ ಸರ್ಕಾರಿ ಆಸ್ಪತ್ರೆಗೋ ಅದೇ ದಿನ ಹೋಗಬೇಕು. ಕಳೆ ಕೀಳುವ ಕೆಲಸ ನಾಳೆಗೂ ಇರುತ್ತದೆ.