ಗ್ಯಾಲರಿ ತುಂಬಿಸುವುದು ಗೆಲುವೊಂದೇ ಅಲ್ಲ

ಇಂಗ್ಲೆಂಡಿನಲ್ಲಿ 1948-49ರ ಸೀಸನ್‌ನಲ್ಲಿ ಫುಟ್‌ಬಾಲ್ ಲೀಗ್ ಪಂದ್ಯಗಳ ಒಟ್ಟು ಹಾಜರಾತಿ 4.1 ಕೋಟಿ ದಾಟಿತ್ತು. 1985-86ರ ಹೊತ್ತಿಗೆ ಅದು ಸುಮಾರು 1.65 ಕೋಟಿಗೆ ಕುಸಿಯಿತು. ಆಮೇಲೆ ಮತ್ತೆ ಏರುತ್ತ ಬಂದು, ಈಗ ಮೇಲಿನ ನಾಲ್ಕು ಹಂತಗಳನ್ನು ಸೇರಿಸಿದರೆ ಮೂರು ಕೋಟಿ ಮೀರುತ್ತದೆ. ಈ ಏರಿಳಿತಕ್ಕೆ ಕಾರಣ ಕೇಳಿದರೆ ಮೊದಲು ಸಿಗುವ ಉತ್ತರ ಗೆಲುವು. ತಂಡ ಗೆದ್ದರೆ ಜನ ಬರುತ್ತಾರೆ, ಸೋತರೆ ಬರುವುದಿಲ್ಲ. ಒಂದು ಕ್ಲಬ್ಬಿನ ಮಟ್ಟಿಗೆ ಇದು ಬಹುಪಾಲು ನಿಜ. ಆದರೆ ಲೀಗ್‌ನಲ್ಲಿ ಒಬ್ಬರು ಗೆಲ್ಲಬೇಕಾದರೆ ಇನ್ನೊಬ್ಬರು ಸೋಲಲೇಬೇಕು. ಇಡೀ ಲೀಗಿನ ಗೆಲುವು-ಸೋಲುಗಳ ಲೆಕ್ಕ 1949ರಲ್ಲೂ 1986ರಲ್ಲೂ ಸಮಸಮ. ಬದಲಾಗದ ಸಂಗತಿ ಇಷ್ಟು ದೊಡ್ಡ ಬದಲಾವಣೆಗೆ ಕಾರಣವಾಗಲಾರದು. ಒಂದೇ ಕ್ಲಬ್ಬಿನಲ್ಲೂ ಈ ವಿವರಣೆ ಕೆಲವೊಮ್ಮೆ ಕೈಕೊಡುತ್ತದೆ: 1998-99ರಲ್ಲಿ ಮ್ಯಾಂಚೆಸ್ಟರ್ ಸಿಟಿ ಮೂರನೇ ಹಂತಕ್ಕೆ ಜಾರಿದ್ದಾಗಲೂ ಅದರ ತವರಿನ ಪಂದ್ಯಗಳಿಗೆ ಸರಾಸರಿ 28,000 ಜನ ಬರುತ್ತಿದ್ದರು.

ನನ್ನ ಮಟ್ಟಿಗೆ, ಉತ್ತರ ಹುಡುಕಬೇಕಾದದ್ದು ಮೈದಾನದೊಳಗಲ್ಲ, ಪಂದ್ಯಗಳು ನಡೆಯುತ್ತಿದ್ದ ಶನಿವಾರ ಮಧ್ಯಾಹ್ನದಲ್ಲಿ. ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ಅಲ್ಲಿನ ಬಹಳಷ್ಟು ಕಾರ್ಮಿಕರು ಶನಿವಾರ ಅರ್ಧ ದಿನ ದುಡಿದು, ಕಾರ್ಖಾನೆಯಿಂದ ನಡೆದೋ ಟ್ರಾಮ್ ಹತ್ತಿಯೋ ಮೈದಾನ ಸೇರಬಹುದಿತ್ತು. ಪಡಿತರದ ದಿನಗಳಾದ್ದರಿಂದ ಕೈಯಲ್ಲಿ ಕಾಸಿದ್ದರೂ ಕೊಳ್ಳಲು ಹೆಚ್ಚೇನೂ ಇರಲಿಲ್ಲ. ಐವತ್ತರ, ಅರವತ್ತರ ದಶಕಗಳಲ್ಲಿ ಕಾರು ಬಂತು, ಟೀವಿ ಬಂತು, ಸಂಸಾರದ ಜೊತೆ ಊರಾಚೆ ಹೋಗುವುದು ಸಾಧ್ಯವಾಯಿತು. ಆಟ ಕೆಟ್ಟಿತೆಂದು ಜನ ದೂರವಾಗಲಿಲ್ಲ; ಆ ಮಧ್ಯಾಹ್ನವನ್ನು ಕಳೆಯಲು ಬೇರೆ ದಾರಿಗಳು ತೆರೆದುಕೊಂಡವು. ಇದರ ಮೇಲೆ ರೂಢಿಯ ಬಲವೂ ಸೇರುತ್ತದೆ. ಈ ಸೀಸನ್‌ನಲ್ಲಿ ಎಷ್ಟು ಜನ ಬಂದಾರು ಎಂದು ಅಂದಾಜಿಸಲು ಹೊರಟ ಅರ್ಥಶಾಸ್ತ್ರಜ್ಞರಿಗೆ ಮತ್ತೆ ಮತ್ತೆ ಆಸರೆಯಾಗುವ ಸೂಚಕ ಕಳೆದ ಸೀಸನ್‌ನ ಹಾಜರಾತಿಯೇ. ಗೆಳೆಯ ಹೋಗುತ್ತಾನೆಂದು ನಾನು ಹೋಗುತ್ತೇನೆ, ಅಪ್ಪ ಕರೆದುಕೊಂಡು ಹೋದನೆಂದು ಮಗಳಿಗೆ ಆಟದ ರುಚಿ ಹತ್ತುತ್ತದೆ. ಹೀಗಾಗಿ ಒಬ್ಬ ಬಿಟ್ಟರೆ ಅವನ ಜೊತೆ ಇನ್ನೂ ಕೆಲವರು ಬಿಡುತ್ತಾರೆ, ಅದರ ಪೂರ್ತಿ ಪರಿಣಾಮ ಕಾಣಿಸಲು ಒಂದು ತಲೆಮಾರೇ ಬೇಕಾಗುತ್ತದೆ. 1966ರ ವಿಶ್ವಕಪ್ ಗೆಲುವಿನ ಬಳಿಕ ಹಾಜರಾತಿ ಒಂದೆರಡು ವರ್ಷ ಏರಿತಾದರೂ ದೀರ್ಘಕಾಲದ ಇಳಿಜಾರು ತಪ್ಪಲಿಲ್ಲ.

ಮೈದಾನಗಳಲ್ಲಿನ ಗೂಂಡಾಗಿರಿಯೇ ಜನರನ್ನು ಓಡಿಸಿತು ಎನ್ನುವವರಿದ್ದಾರೆ. ಎಪ್ಪತ್ತರ, ಎಂಬತ್ತರ ದಶಕಗಳಿಗೆ ಆ ಮಾತು ಸಲ್ಲುತ್ತದೆ, ಆದರೆ ಇಳಿಕೆ ಅದಕ್ಕೂ ಬಹಳ ಮೊದಲೇ ಆರಂಭವಾಗಿತ್ತು. ಟೀವಿಯ ಮೇಲಿನ ದೂರು ಇನ್ನೂ ಗಟ್ಟಿ. ಆದರೂ 1992ರಲ್ಲಿ ಪ್ರೀಮಿಯರ್ ಲೀಗ್ ಬಂದು ನೇರಪ್ರಸಾರ ಹೆಚ್ಚಿದಾಗ, ಟಿಕೆಟ್ ದರವೂ ಏರಿದಾಗ, ಮೈದಾನಗಳು ಖಾಲಿಯಾಗುವ ಬದಲು ತುಂಬಿದವು. ಹಾಗೆಂದು ಟೀವಿ ಪೂರ್ತಿ ನಿರಪರಾಧಿಯಲ್ಲ: ವಾರದ ನಡುವೆ ಯುರೋಪಿನ ದೊಡ್ಡ ಪಂದ್ಯ ಪ್ರಸಾರವಾದ ರಾತ್ರಿ ಕೆಳಹಂತದ ಕ್ಲಬ್‌ಗಳಿಗೆ ಪ್ರೇಕ್ಷಕರು ಕಡಿಮೆಯಾಗುತ್ತಾರೆ. ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಇಂಗ್ಲೆಂಡಿನಲ್ಲಿ ನೇರಪ್ರಸಾರ ನಿಷೇಧಿಸಿರುವುದು ಇಂಥ ಸಣ್ಣ ಕ್ಲಬ್‌ಗಳ ಸಲುವಾಗಿಯೇ. ಚೇತರಿಕೆಯ ಶ್ರೇಯಸ್ಸೂ ಪ್ರೀಮಿಯರ್ ಲೀಗ್ ಒಂದಕ್ಕೇ ಸೇರದು, ಏಕೆಂದರೆ ಹಾಜರಾತಿ 1986-87ರಲ್ಲೇ ಮೇಲಕ್ಕೆ ತಿರುಗಿತ್ತು. 1989ರಲ್ಲಿ ಹಿಲ್ಸ್‌ಬರೋ ಮೈದಾನದಲ್ಲಿ ನಡೆದ ನೂಕುನುಗ್ಗಲಿನ ದುರಂತದ ನಂತರ, ಅದರ ತನಿಖೆಯ ಟೇಲರ್ ವರದಿಯಂತೆ ದೊಡ್ಡ ಕ್ಲಬ್‌ಗಳ ಮೈದಾನಗಳಲ್ಲಿ ಎಲ್ಲರಿಗೂ ಆಸನ ಬಂತು. ಹೆಂಗಸರು, ಮಕ್ಕಳು ಅಂಜದೆ ಬರುವಂತಾಗಿ ಆ ಏರಿಕೆಗೆ ಬಲ ಸಿಕ್ಕಿತು.

ನಮ್ಮ ಬೆಂಗಳೂರು ಎಫ್‌ಸಿಯನ್ನೂ ಇದೇ ಕಣ್ಣಿನಿಂದ ನೋಡಬಹುದು. 2013ರಲ್ಲಿ ಹುಟ್ಟಿದ ಕ್ಲಬ್ ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಿತು, ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಬಳಗ ಕಂಠೀರವ ಕ್ರೀಡಾಂಗಣದಲ್ಲಿ ಬೇರುಬಿಟ್ಟಿತು. ಆದರೆ ಅದು ಈಗ ಆಡುವ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪಂದ್ಯ ವಾರದ ನಡುವೆ ಸಂಜೆ ಏಳೂವರೆಗೆ ಶುರುವಾದರೆ ಮುಗಿಯುವುದು ಒಂಬತ್ತೂವರೆಯ ಸುಮಾರಿಗೆ. ಮರುದಿನ ಶಾಲೆಯಿರುವ ಮಗುವನ್ನು ಯಾರು ತಾನೆ ಕರೆತರುತ್ತಾರೆ? ಅದರ ನಷ್ಟ ಆ ರಾತ್ರಿಯ ಟಿಕೆಟ್ ಲೆಕ್ಕದಲ್ಲಿ ಅಷ್ಟಾಗಿ ಕಾಣುವುದಿಲ್ಲ, ಹತ್ತು-ಹದಿನೈದು ವರ್ಷಗಳ ನಂತರದ ಹಾಜರಾತಿಯಲ್ಲಿ ಕಾಣುತ್ತದೆ.