ಒಲೆಗೆ ತಕ್ಕ ಸೌದೆ

ತಾಳವಾಡಿಯ ಬೆಟ್ಟಸೀಮೆಯಲ್ಲಿ ಅನಿಲದ ಸಿಲಿಂಡರು ಬಂದ ಮನೆಗಳಲ್ಲಿಯೂ ಸೌದೆಯ ಒಲೆ ಪೂರ್ತಿ ಆರಿಲ್ಲ. ಮುದ್ದೆಯ ಎಸರು, ಹುರುಳಿಯ ಸಾರು, ಸ್ನಾನದ ಹಂಡೆ ಇಂದಿಗೂ ಕಟ್ಟಿಗೆಯನ್ನೇ ನೆಚ್ಚಿಕೊಂಡಿವೆ. ಆ ಕಟ್ಟಿಗೆಯಾದರೋ ಸುಲಭವಾಗಿ ದೊರೆಯುವಂಥದಲ್ಲ. ಸುತ್ತಲಿನ ಸತ್ಯಮಂಗಲಂ ಅರಣ್ಯವು 2013ರಿಂದ ಹುಲಿ ಸಂರಕ್ಷಿತ ಪ್ರದೇಶ. ಕಾಡಂಚಿನಲ್ಲಿ ಪುಳ್ಳೆ ಆಯುವವರಿಗೆ ಆನೆಯ ಭಯ ತಪ್ಪಿದ್ದಲ್ಲ. ಒಂದು ಹೊರೆ ಎಷ್ಟು ದಿನ ಬಾಳುವುದೆಂಬುದರ ಮೇಲೆ ಮನೆಯ ಹೆಂಗಸರು ಎಷ್ಟು ಬಾರಿ ಅತ್ತ ಹೋಗಬೇಕೆಂಬುದು ನಿಂತಿದೆ. ಹೊರೆಯ ಬಾಳಿಕೆಯಾದರೋ ಬಹುಮಟ್ಟಿಗೆ ಕೊಡಲಿಯ ಕೆಲಸಕ್ಕೆ ಸೇರಿದ್ದು.

ಬೆಂಕಿ ಹಿಡಿಯುವುದು ಮರದ ಮೈಯಿಂದ. 10 ಸೆಂಟಿಮೀಟರ್ ಅಡ್ಡಳತೆಯ ದುಂಡು ಕೊರಡಿನ ಸುತ್ತಳತೆ ಸುಮಾರು 31 ಸೆಂಟಿಮೀಟರ್. ಅದನ್ನೇ ಉದ್ದಕ್ಕೆ ನಾಲ್ಕಾಗಿ ಸೀಳಿದರೆ ನಾಲ್ಕೂ ಸೀಳುಗಳ ಸುತ್ತಳತೆ ಒಟ್ಟಿಗೆ 71 ಸೆಂಟಿಮೀಟರ್ ದಾಟುತ್ತದೆ. ಮರ ಅಷ್ಟೇ, ಉರಿಗೆ ಸಿಕ್ಕುವ ಮೈ ಮಾತ್ರ ಇಮ್ಮಡಿಗಿಂತ ಹೆಚ್ಚು. ಏಳನೆಯ ತರಗತಿಯ ಮಕ್ಕಳು ಈ ಲೆಕ್ಕವನ್ನು ಹಿತ್ತಿಲಿನಲ್ಲಿಯೇ ದಾರ ಹಿಡಿದು ಅಳೆದು ನೋಡಬಹುದು.

ಹಾಗೆಂದು ಎಲ್ಲವನ್ನೂ ಕಡ್ಡಿಯಾಗಿ ಸೀಳುವುದು ಜಾಣತನವಲ್ಲ. ತೀರ ಸಣ್ಣದು ಭುಗಿಲೆಂದು ಉರಿದು, ಜ್ವಾಲೆ ಪಾತ್ರೆಯ ಪಕ್ಕದಿಂದ ಹೊರಚಾಚಿ, ಕಾವು ವ್ಯರ್ಥವಾಗುತ್ತದೆ. ಅಡುಗೆಯ ಕ್ರಮವೇ ಗಾತ್ರವನ್ನು ಹೇಳಿಕೊಡುತ್ತದೆ. ಒಲೆ ಹೊತ್ತಿಸಲು ಕಿರುಬೆರಳಿನ ದಪ್ಪದ ಪುಳ್ಳೆ, ಒಣಗಿದ ಲಂಟಾನದ ಕಡ್ಡಿ, ಜೋಳದ ಬೆಂಡು ಸಾಕು. ಎಸರು ಮರಳುವವರೆಗೆ ಹೆಬ್ಬೆರಳಿನ ದಪ್ಪದ ಸೀಳುಗಳು ಬೇಕು. ಹಿಟ್ಟು ಹಾಕಿದ ಮೇಲೆ, ಕಾಳು ಬೇಯುವಾಗ, ಮಣಿಕಟ್ಟಿನ ಗಾತ್ರದ ಒಂದೆರಡು ತುಂಡುಗಳು ಸಮನಾದ ಕಾವು ಕೊಡುತ್ತವೆ. ಅದಕ್ಕಿಂತ ದಪ್ಪನಾದದ್ದು ಅಡುಗೆಯ ಒಲೆಗೆ ಹೊರೆಯೇ ಸರಿ. ಉರಿಯದೆ ಹೊಗೆಯಾಡುತ್ತದೆ, ಊದುಗೊಳವೆ ಹಿಡಿದವರ ಕಣ್ಣಿನಲ್ಲಿ ನೀರು ಬರಿಸುತ್ತದೆ.

ಉದ್ದವೂ ಮುಖ್ಯ. ಮೂರು ಮೊಳದ ಕೊಳ್ಳಿಯನ್ನು ಒಲೆಯ ಬಾಯಿಂದ ಚಾಚಿಟ್ಟು ಆಗಾಗ ಒಳಕ್ಕೆ ತಳ್ಳುವ ವಾಡಿಕೆಯಲ್ಲಿ ಕಡಿಯುವ ಶ್ರಮ ಉಳಿಯುತ್ತದೆ ನಿಜ. ಆದರೆ ಗಮನ ತಪ್ಪಿದೊಡನೆ ಬೆಂಕಿ ಬಾಯಿಗೆ ಸರಿದು ಕಾವು ಹೊರಗಾಗುತ್ತದೆ, ನಡೆದಾಡುವ ಮಕ್ಕಳ ಕಾಲಿಗೂ ಎಡತಾಕುತ್ತದೆ. ಒಂದೂವರೆ ಗೇಣಿನ ತುಂಡು ಸಾಮಾನ್ಯ ಮಣ್ಣಿನೊಲೆಗೆ ಹಿತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯಂಥ ಹೊಗೆಕೊಳವೆಯ ಒಲೆಗಳಿಗೆ ತುಂಡು ಇನ್ನೂ ಚಿಕ್ಕದಿರಬೇಕು. ಯಾವ ಒಲೆಯಾದರೂ ಬಾಯಿತುಂಬ ತುರುಕಬಾರದು. ತುಂಡುಗಳ ನಡುವೆ ಬೆರಳು ತೂರುವಷ್ಟು ಸಂದಿಲ್ಲದಿದ್ದರೆ ಗಾಳಿಯಾಡದು.

ಈ ಹೊಗೆ ಕ್ಷುಲ್ಲಕ ಸಂಗತಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಹೊಗೆಯ ಕಾರಣದಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಮೃತರಾದರು. ಅವರಲ್ಲಿ 2 ಲಕ್ಷಕ್ಕೂ ಮಿಕ್ಕಿ ಐದು ವರ್ಷದೊಳಗಿನ ಮಕ್ಕಳು. ಒಲೆಯ ಬೆಳಕಿನ ಪಕ್ಕದಲ್ಲಿಯೇ ಪಾಠ ಓದಲು ಕೂರುವ ಮಕ್ಕಳನ್ನು ಬಾಗಿಲ ಬಳಿಗೆ ಕೂರಿಸುವುದಕ್ಕೆ ಖರ್ಚೇನೂ ಇಲ್ಲ.

ದಪ್ಪ ಕೊರಡಿಗೂ ತನ್ನ ಸ್ಥಾನವುಂಟು. ಹಂಡೆಯೊಲೆಯಲ್ಲಿ ಅದು ನಿಧಾನವಾಗಿ ಬೆಂದು ಕೆಂಡ ಉಳಿಸುತ್ತದೆ. ಆನೆಗಳಿಂದ ಬೆಳೆ ಕಾಯುವ ಹೊಲದ ಕಾವಲಿನಲ್ಲಿ ಬೆಳಗಿನವರೆಗೆ ಬೆಂಕಿ ಹಿಡಿದಿಡುವುದು ತೊಡೆಯಷ್ಟು ದಪ್ಪದ ಹುಣಸೆಯ ಇಲ್ಲವೆ ಜಾಲಿಯ ತುಂಡುಗಳೇ. ಎರಡು ಕೊರಡುಗಳನ್ನು ತುಸು ಅಂತರ ಬಿಟ್ಟು ಜೋಡಿಸಿದರೆ ಒಂದರ ಕಾವು ಇನ್ನೊಂದನ್ನು ಉರಿಸುತ್ತದೆ. ಒಂಟಿ ಕೊರಡು ಬೇಗ ನಂದುತ್ತದೆ. ಆದರೆ ಚಳಿಗೆಂದು ಆ ಕೆಂಡವನ್ನು ಮುಚ್ಚಿದ ಕೋಣೆಯೊಳಕ್ಕೆ ತಂದಿಟ್ಟು ಮಲಗುವುದು ಪ್ರಾಣಕ್ಕೆ ಅಪಾಯ. ಅದರಿಂದ ಹೊರಡುವ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಇನ್ನು ಒಣಗಿಸುವ ಮಾತು. ಹಸಿಮರದ ತೂಕದಲ್ಲಿ ಅರ್ಧದ ಹತ್ತಿರ ನೀರೇ ಇರುತ್ತದೆ. ಅದನ್ನು ಆವಿಯಾಗಿಸುವುದಕ್ಕೇ ಬೆಂಕಿಯ ಬಲವೆಲ್ಲ ಹೋಗುತ್ತದೆ. ತೊಗಟೆ ನೀರನ್ನು ಹೊರಬಿಡದು. ಆದುದರಿಂದ ಒಣಗಿದ ಮೇಲೆ ಸೀಳುವುದಲ್ಲ, ಸೀಳಿ ಒಣಗಿಸಬೇಕು. ಬೇಸಿಗೆಯಲ್ಲಿಯೇ ಸೀಳಿ, ನೆಲಕ್ಕೆ ತಾಗದಂತೆ ಕಲ್ಲುಗಳ ಮೇಲೆ ಒಟ್ಟಿ, ಮೇಲೆ ಮಾತ್ರ ಮುಚ್ಚಿ ಪಕ್ಕಗಳನ್ನು ತೆರೆದಿಟ್ಟರೆ ಅಕ್ಟೋಬರ್ ಮಳೆಯ ಹೊತ್ತಿಗೆ ಉರುವಲು ಸಿದ್ಧವಾಗಿರುತ್ತದೆ. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದಾಗ ಟಣ್ಣೆಂದರೆ ಒಣಗಿದೆ. ದೊಬ್ಬೆಂದರೆ ಇನ್ನಷ್ಟು ಬಿಸಿಲು ಬೇಕು.