ಅರಮನೆ ಎಲ್ಲಿ ಹೋಯಿತು?

ಡಿಸೆಂಬರ್ ಬಂತೆಂದರೆ ಶಿಗ್ಗಾವಿ ತಾಲ್ಲೂಕಿನ ತಡಸದಂಥ ಊರುಗಳ ಶಾಲೆಗಳಲ್ಲಿ ಪ್ರವಾಸದ ಗಡಿಬಿಡಿ ಶುರುವಾಗುತ್ತದೆ. ಪಾಲಕರು ಹೇಗೋ ಹಣ ಹೊಂದಿಸುತ್ತಾರೆ. ತಾಯಂದಿರು ಹಿಂದಿನ ರಾತ್ರಿಯೇ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಡುತ್ತಾರೆ. ಬಸ್ಸು ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ ದಾಟಿ ಹಂಪಿ ತಲುಪುತ್ತದೆ. ವಿರೂಪಾಕ್ಷ ದೇವಾಲಯ, ಕಲ್ಲಿನ ರಥ, ಉಗ್ರನರಸಿಂಹ ಇವನ್ನೆಲ್ಲ ಕಣ್ಣರಳಿಸಿ ನೋಡಿದ ಮಕ್ಕಳು ಅರಮನೆಯ ಆವರಣಕ್ಕೆ ಬಂದಾಗ ಮಾತ್ರ ಗೊಂದಲಕ್ಕೆ ಬೀಳುತ್ತಾರೆ. ಎದುರಿಗಿರುವುದು ವಿಶಾಲವಾದ ಬಯಲು, ಕಲ್ಲಿನ ಜಗಲಿಗಳು, ಒಂದಿಷ್ಟು ಮೆಟ್ಟಿಲುಗಳು.

“ಸರ, ಅರಮನಿ ಎಲ್ಲೈತ್ರಿ?” ಎಂಬ ಪ್ರಶ್ನೆ ಬಂದೇ ಬರುತ್ತದೆ. “ನೀ ನಿಂತಿದ್ದಽ ಅರಮನಿಯೊಳಗ ನೋಡಪಾ” ಎಂದರೆ ಹುಡುಗ ಕಾಲ ಕೆಳಗೆ ನೋಡಿಕೊಂಡು ನಗುತ್ತಾನೆ. ಉಳಿದವರು ಫೋಟೊ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ಆದರೆ ಆ ಹುಡುಗನ ಪ್ರಶ್ನೆ ನಗುವಂಥದ್ದಲ್ಲ. ಅದೇ ನಗರದ ಗುಡಿಗಳು ನಿಂತಿರುವಾಗ ಅರಸರ ಮನೆ ಏಕೆ ನಿಲ್ಲಲಿಲ್ಲ?

ಕಂಬವಿಲ್ಲದ ನೂರು ಕಂಬ

ಉತ್ತರ ಅಲ್ಲಿಯೇ ನೆಲದ ಮೇಲಿದೆ. ಮಹಾನವಮಿ ದಿಬ್ಬದಿಂದ ಸ್ವಲ್ಪ ದೂರದಲ್ಲಿ ಅರಸರ ಸಭಾಂಗಣ ಎಂದು ಗುರುತಿಸಲಾದ ದೊಡ್ಡ ಜಗಲಿಯಿದೆ. ಅದರ ಮೇಲೆ ಸಾಲಿಗೆ ಹತ್ತರಂತೆ ಹತ್ತು ಸಾಲುಗಳಲ್ಲಿ ಕಂಬ ನಿಲ್ಲಿಸಿದ ಗುರುತುಗಳಿವೆ. ಒಟ್ಟು ನೂರು. ಆದರೆ ಒಂದು ಕಂಬವೂ ಇಲ್ಲ. ಏಕೆಂದರೆ ಅವು ಮರದ ಕಂಬಗಳು. ಪಕ್ಕದಲ್ಲಿ ಮೇಲೇರುವ ಮೆಟ್ಟಿಲುಗಳಿವೆ. ಅವು ತಲುಪಬೇಕಾದ ಮಹಡಿ ಇಲ್ಲ. ಮೆಟ್ಟಿಲಿದೆ ಎಂದ ಮೇಲೆ ಮಹಡಿ ಇತ್ತು, ಮಹಡಿ ಇತ್ತೆಂದ ಮೇಲೆ ಅದನ್ನು ಹೊರುವ ತೊಲೆಗಳಿದ್ದವು. ಹೀಗೆ ಕಾಣುವುದರಿಂದ ಕಾಣದ್ದನ್ನು ಲೆಕ್ಕ ಹಾಕುವುದೇ ವಿಜ್ಞಾನದ ದಾರಿಯಲ್ಲವೇ?

ಇದನ್ನು ತಿಳಿಯಲು ತಡಸದ ಮಕ್ಕಳಿಗೆ ಊರಿನ ಹಳೆಯ ಮನೆಗಳೇ ಸಾಕು. ಪಡಸಾಲೆಯ ಮರದ ಕಂಬದ ಬುಡದಲ್ಲಿ ಒಂದು ಕಲ್ಲು ಇರುತ್ತದೆ. ನೆಲದ ತೇವ ಮರಕ್ಕೆ ಏರದಿರಲಿ, ಗೆದ್ದಲು ಹತ್ತದಿರಲಿ ಎಂದು ಅಜ್ಜಂದಿರು ಮಾಡಿದ ಉಪಾಯ ಅದು. ಮನೆ ಬಿದ್ದು ಐವತ್ತು ವರ್ಷ ಕಳೆದರೆ ಉಳಿಯುವುದು ಆ ಕಲ್ಲೇ. ಹಂಪಿಯಲ್ಲಿ ನಡೆದದ್ದೂ ಇಷ್ಟೇ, ದೊಡ್ಡ ಪ್ರಮಾಣದಲ್ಲಿ.

ಮರವೆಂದರೆ ಮುಖ್ಯವಾಗಿ ಸೆಲ್ಯುಲೋಸ್ ಮತ್ತು ಲಿಗ್ನಿನ್. ತೇವ ಮತ್ತು ಗಾಳಿ ಸಿಕ್ಕರೆ ಶಿಲೀಂಧ್ರಗಳು ಅದನ್ನು ಕರಗಿಸಿ ತಿನ್ನುತ್ತವೆ, ಗೆದ್ದಲು ಹುಳುಗಳು ಕೊರೆಯುತ್ತವೆ, ಬೆಂಕಿ ಬಿದ್ದರೆ ಕೆಲವೇ ಗಂಟೆಗಳಲ್ಲಿ ಬೂದಿ. ಹಂಪಿಯ ಗ್ರಾನೈಟ್ ಕಲ್ಲಿನಲ್ಲಿ ಯಾವ ಜೀವಿಗೂ ಆಹಾರವಿಲ್ಲ. 1565ರ ಜನವರಿಯಲ್ಲಿ ರಕ್ಕಸಗಿ–ತಂಗಡಗಿ ಕಾಳಗದಲ್ಲಿ ವಿಜಯನಗರದ ಸೇನೆ ಸೋತ ಬಳಿಕ ನಗರ ಕೊಳ್ಳೆ ಹೋಯಿತು, ಬೆಂಕಿಗೆ ತುತ್ತಾಯಿತು. ಮುಂದೆ ನಾಲ್ಕು ಶತಮಾನಗಳ ಮಳೆ, ಗೆದ್ದಲು, ಮಣ್ಣು ಉಳಿದ ಕೆಲಸ ಮುಗಿಸಿದವು. ಕಲ್ಲು, ಇಟ್ಟಿಗೆ, ಗಾರೆಯಿಂದ ಕಟ್ಟಿದ ಕಮಲ ಮಹಲು, ಆನೆಲಾಯಗಳು ಇಂದಿಗೂ ನಿಂತಿರುವುದು ಇದಕ್ಕೆ ಸಾಕ್ಷಿ. 1970ರ ದಶಕದಿಂದ ನಡೆದ ಉತ್ಖನನಗಳಲ್ಲಿ ಅನೇಕ ಅರಮನೆಗಳ ತಳಪಾಯಗಳು ಬೆಳಕಿಗೆ ಬಂದವು. ಕರಿಗಲ್ಲಿನ ಮೆಟ್ಟಿಲುಗಳ ಪುಷ್ಕರಣಿ ಸಿಕ್ಕಿದ್ದೂ 1980ರ ದಶಕದಲ್ಲಿ. ಅದರ ಕಲ್ಲುಗಳ ಮೇಲೆ ಯಾವ ದಿಕ್ಕು, ಯಾವ ಸಾಲು ಎಂದು ಸೂಚಿಸುವ ಗುರುತುಗಳನ್ನು ಇಂದಿಗೂ ನೋಡಬಹುದು.

ಇಬ್ಬರು ಅರಸರು, ಎರಡು ಮನೆಗಳು

ಕಲ್ಲಿನಿಂದಲೇ ಅರಮನೆ ಕಟ್ಟಿದವರು ಇರಲಿಲ್ಲವೇ? ಇದ್ದರು. ಭೂಗೋಳದ ಇನ್ನೊಂದು ಬದಿಯಲ್ಲಿ, ಇಂದಿನ ಮೆಕ್ಸಿಕೊ ದೇಶದಲ್ಲಿ, ಮಾಯಾ ಜನರ ಪಲೆಂಕೆ ಎಂಬ ನಗರವಿತ್ತು. ಕ್ರಿ.ಶ. 615ರಿಂದ 683ರವರೆಗೆ ಅಲ್ಲಿ ಆಳಿದವನು ಪಾಕಾಲ್. ಅದೇ ಕಾಲದಲ್ಲಿ ನಮ್ಮ ಬಾದಾಮಿಯಲ್ಲಿ ಇಮ್ಮಡಿ ಪುಲಿಕೇಶಿ ಆಳುತ್ತಿದ್ದ. ಒಬ್ಬನ ಹೆಸರು ಇನ್ನೊಬ್ಬನಿಗೆ ತಿಳಿದಿರಲು ಸಾಧ್ಯವೇ ಇರಲಿಲ್ಲ.

ಪಾಕಾಲನ ಅರಮನೆ ಇಂದಿಗೂ ಇದೆ. ಎತ್ತರದ ಕಟ್ಟೆಯ ಮೇಲೆ ಸುಣ್ಣಗಲ್ಲಿನ ಕೋಣೆಗಳು, ಅಂಗಳಗಳು, ಮುಂದಿನವರು ಸೇರಿಸಿದ ನಾಲ್ಕಂತಸ್ತಿನ ಗೋಪುರ ಎಲ್ಲವೂ ಉಳಿದಿವೆ. ಎರಡು ಗೋಡೆಗಳ ಕಲ್ಲುಗಳನ್ನು ಮೇಲೆ ಹೋದಂತೆ ಸ್ವಲ್ಪ ಸ್ವಲ್ಪವೇ ಒಳಚಾಚಿ, ತುದಿಯಲ್ಲಿ ಒಂದು ಚಪ್ಪಡಿಯಿಂದ ಮುಚ್ಚುವುದು ಅವರ ರೀತಿ. ಹೀಗಾಗಿ ಕೋಣೆಗಳು ಕಿರಿದು, ಗೋಡೆಗಳು ದಪ್ಪ. ಸುಣ್ಣಗಲ್ಲು ಸುಟ್ಟು ಮಾಡಿದ ಗಾರೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲೇ ಆಗುತ್ತದೆ. ಜನ ಬಿಟ್ಟುಹೋದ ಮೇಲೆ ಕಾಡು ಆವರಿಸಿದರೂ ಆ ಗೋಡೆಗಳು ನಿಂತವು. ಬಡವರ ಗುಡಿಸಲುಗಳು ಮಾತ್ರ ಅಲ್ಲಿಯೂ ಉಳಿಯಲಿಲ್ಲ. ಅವು ಕೋಲು, ಮಣ್ಣು, ಹುಲ್ಲಿನವು.

ಪುಲಿಕೇಶಿಯ ಅರಮನೆ ನಿಂತಿಲ್ಲ. ಆದರೆ ಅವನ ಕಾಲದಲ್ಲಿ, ಕ್ರಿ.ಶ. 634ರಲ್ಲಿ, ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿ ಕಟ್ಟಿಸಿದ ಜಿನಾಲಯವಿದೆ. ದೇವರಿಗೆ ಕಲ್ಲು, ಮನುಷ್ಯನಿಗೆ ಮರ–ಮಣ್ಣು ಎಂಬ ರೂಢಿ ನಮ್ಮಲ್ಲಿ ಎದ್ದು ಕಾಣುತ್ತದೆ. ಮನೆಯಲ್ಲಿ ಬದುಕುವವರಿಗೆ ಗಾಳಿ, ಅಗಲವಾದ ಪಡಸಾಲೆ, ಬೇಕಾದಾಗ ಬದಲಿಸುವ ಅನುಕೂಲ ಬೇಕು. ಮರ ಅದನ್ನು ಕೊಟ್ಟಿತು, ಬಾಳಿಕೆಯನ್ನು ಕೊಡಲಿಲ್ಲ.

ಉಳಿದದ್ದನ್ನು ಉಳಿಸೋಣ

ಹಂಪಿ 1986ರಲ್ಲಿ, ಪಲೆಂಕೆ ಮತ್ತು ನಮ್ಮ ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆದರೆ ಪಟ್ಟಿ ತಾನಾಗಿಯೇ ಕಾವಲು ಕಾಯುವುದಿಲ್ಲ. 2019ರ ಫೆಬ್ರುವರಿಯಲ್ಲಿ ಕೆಲವು ಯುವಕರು ಹಂಪಿಯ ಒಂದು ಗುಡಿಯ ಬಳಿ ಕಂಬವನ್ನು ತಳ್ಳಿ ಉರುಳಿಸಿದ ದೃಶ್ಯ ಎಲ್ಲೆಡೆ ಹರಿದಾಡಿತು. ಅವರು ಸಿಕ್ಕಿಬಿದ್ದರು, ದಂಡ ತೆತ್ತರು, ನ್ಯಾಯಾಲಯದ ಆದೇಶದಂತೆ ಬಿದ್ದ ಕಂಬವನ್ನು ತಾವೇ ಎತ್ತಿ ನಿಲ್ಲಿಸಬೇಕಾಯಿತು. ಐದು ಶತಮಾನ ಬೆಂಕಿ, ಮಳೆಗೆ ಜಗ್ಗದ ಕಲ್ಲು ಒಂದು ನಿಮಿಷದ ಹುಡುಗಾಟಕ್ಕೆ ಬಿತ್ತು!

ಗೋಡೆಯ ಮೇಲೆ ಹೆಸರು ಕೆತ್ತುವುದೂ ಇದೇ ಜಾತಿಯ ಕೆಲಸ. ಅರಮನೆಯ ಬಯಲಿನಲ್ಲಂತೂ ಒಂದು ಕಲ್ಲು ಸ್ಥಳ ಬಿಟ್ಟರೂ ನಷ್ಟ ದೊಡ್ಡದು. ನೂರು ಗುರುತುಗಳಲ್ಲಿ ಹತ್ತು ಅಳಿದರೆ ಮುಂದೆ ಬರುವ ಮಕ್ಕಳ ಲೆಕ್ಕವೇ ತಪ್ಪುತ್ತದೆ.

ಪ್ರವಾಸಕ್ಕೆ ಹೊರಡುವ ಮಕ್ಕಳ ಚೀಲದಲ್ಲಿ ಪಾಲಕರು ರೊಟ್ಟಿಯ ಜೊತೆ ಒಂದು ನೋಟ್‌ಬುಕ್ಕು, ಒಂದು ಅಳತೆಪಟ್ಟಿ ಇಟ್ಟರೆ ಒಳ್ಳೆಯದು. ಕಂಬದ ಗುರುತುಗಳ ನಡುವಿನ ಅಂತರ ಎಷ್ಟು, ಮೆಟ್ಟಿಲುಗಳು ಎಷ್ಟು ಎಂದು ಅವರೇ ಬರೆದುಕೊಳ್ಳಲಿ. ಹಂಪಿಗೆ ಹೋಗಲಾಗದವರು ನಿರಾಶರಾಗಬೇಕಿಲ್ಲ. ತಮ್ಮದೇ ತಾಲ್ಲೂಕಿನ ಬಂಕಾಪುರ ಕೋಟೆಯೊಳಗೆ ಜನ ಅರವತ್ತು ಕಂಬದ ಗುಡಿ ಎನ್ನುವ ನಗರೇಶ್ವರ ದೇವಾಲಯವಿದೆ. 9ನೇ ಶತಮಾನದ ಕೊನೆಯಲ್ಲಿ ಬಂಕಾಪುರದಿಂದ ಲೋಕಾದಿತ್ಯ ಆಳುತ್ತಿದ್ದ. ಈಗ ಕೋಟೆಯೊಳಗೆ ನವಿಲುಗಳು ಓಡಾಡುತ್ತವೆ. ಅಲ್ಲಿಯೂ ಗುಡಿ ಇದೆ, ಅರಸನ ಮನೆ ಇಲ್ಲ.

ಗುಡಿ ನೋಡಿ ಹೊರಬಂದ ಮಗು, “ಇಲ್ಲಿ ಅರಮನಿ ಎಲ್ಲಿತ್ರಿ?” ಎಂದು ಕೇಳಿದರೆ ಪ್ರವಾಸದ ಹಣ ಸಾರ್ಥಕವಾಯಿತೆಂದೇ ತಿಳಿಯಬೇಕು.